ಅರವತ್ತಾರು ಮೆಗಾಹರ್ಟ್ಜ್ ಹಾವು

ನನ್ನ ಹೆಬ್ಬೆರಳು ಇಕ್ಕಳದ ಬಾಯಲ್ಲಿತ್ತು!

ಇಕ್ಕಳ ಹಿಡಿದಿದ್ದವನು ಬಾಸ್. ಅವನ ಜೀಪು ಕಂಡರೆ ಸಾಕು, ಅರ್ಧ ಊರು ಅಂಗಡಿ ಬಾಗಿಲು ಎಳೆಯುತ್ತದೆ.

"ಇನ್ನೊಂದ್ಸಲ ಹೇಳು. ಎಷ್ಟು?"

"ಎಂಟು ಎಂಬಿ ರ‍್ಯಾಮ್, ಬಾಸ್."

"ಜಾಸ್ತಿನಾ, ಕಮ್ಮಿನಾ?"

"ಈಗಿನ ಕಾಲದ ಒಂದು ಹಾಡೂ ನೆಟ್ಟಗೆ ಹಿಡಿಸಲ್ಲ..."

ಇಕ್ಕಳ ಬಿಗಿಯಾಯಿತು.

"ನನ್ನ ಮದುವೆ ವರ್ಷ ತಂದ ಕಂಪ್ಯೂಟರ್ ಕಣೋ! ಹಗುರವಾಗಿ ಮಾತಾಡ್ತೀಯಾ?"

ನಗಬೇಡಿ ಸಾರ್. ನನ್ನ ಕಸುಬೇ ಇದು. ಪೊಲೀಸರ ಹತ್ತಿರ ಹೋಗಲಾಗದವರ ತಾಪತ್ರಯ ಬಗೆಹರಿಸುವುದು. ಕದ್ದ ಕಾರನ್ನು ಕಳ್ಳನ ಕೈಲೇ ತೊಳೆಸಿ ವಾಪಸ್ ತಂದವನು ನಾನು. ಆದರೆ ಹಳೇ ಡೆಸ್ಕ್‌ಟಾಪ್‌ಗೆ ಹೆಬ್ಬೆರಳು ಒತ್ತೆಯಿಟ್ಟದ್ದು ಅದೇ ಮೊದಲು.

ಬಾಸ್‌ನ ಹೆಂಡತಿಯನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ದಿನಾ ಮಧ್ಯಾಹ್ನ ಆ ಡೆಸ್ಕ್‌ಟಾಪ್‌ನಲ್ಲಿ ಹಾವಿನ ಆಟ ಆಡುತ್ತಾರೆ. ಇತ್ತೀಚೆಗೆ ಹಾವು ಹುಚ್ಚು ಹಿಡಿದಂತೆ ಓಡಿ ಗೋಡೆಗೆ ಬಡಿದು ಸಾಯುತ್ತಿತ್ತು. ಸತ್ತಾಗಲೆಲ್ಲ ಬಾಸ್‌ಗೆ ಬೈಗುಳ! ಮೂವರು ಮೆಕ್ಯಾನಿಕ್‌ಗಳು ಬಂದರು. ಮೂವರೂ ಬ್ಯಾಂಡೇಜ್ ಸುತ್ತಿಕೊಂಡು ಹೋದರು.

ನಾನೂ ಕ್ಯಾಬಿನೆಟ್ ಬಿಚ್ಚಿ ನೋಡಿದ್ದೆ. ಅರವತ್ತಾರು ಮೆಗಾಹರ್ಟ್ಜ್ ಪ್ರೊಸೆಸರ್. ನಾನೂರಿಪ್ಪತ್ತು ಎಂಬಿ ಹಾರ್ಡ್ ಡಿಸ್ಕ್. ಫ್ಲಾಪಿ ಡ್ರೈವ್. ಎಲ್ಲ ಗಟ್ಟಿಮುಟ್ಟು. ಕೆಟ್ಟದ್ದು ಯಾವುದು ಅಂತ ತಲೆಬುಡ ತಿಳಿಯಲಿಲ್ಲ.

"ಹೊಸದು ತಂದುಬಿಡಿ ಬಾಸ್..."

"ತಂದಿದ್ದೆ. ಅದರಲ್ಲಿ ಹಾವು ಓಡಿದ ಸ್ಪೀಡಿಗೆ ಕಣ್ಣಿಗೇ ಕಾಣಲಿಲ್ಲ! ಸಂಜೆಯೊಳಗೆ ಇದು ನಿಧಾನಕ್ಕೆ ಓಡ್ಬೇಕು. ಇಲ್ಲಾಂದ್ರೆ ಹತ್ತು ಬೆರಳೂ ಹೋದ್ವು ಅಂದ್ಕೋ."

ಅವನ ಫೋನ್ ಬಡಿದುಕೊಂಡಿತು. ಇಕ್ಕಳ ಸಡಿಲವಾಯಿತು.

ಕಿತ್ತೆ ನೋಡಿ ಓಟ!

ಅಡುಗೆಮನೆ. ಹಿತ್ತಲು. ಒಣಹಾಕಿದ್ದ ಬೆಡ್‌ಶೀಟ್ ಮುಖಕ್ಕೆ ಸುತ್ತಿಕೊಂಡಿತು. ಹಿಂದಿನಿಂದ ಇಬ್ಬರು ದಾಂಡಿಗರು.

"ಹಿಡಿಯೋ ಅವನ್ನ!"

ಕಾಂಪೌಂಡ್ ಹತ್ತಿದೆ. ಒಂದು ಕೈ ಕಾಲರ್ ಹಿಡಿದು ಕೆಳಗೆಳೆಯಿತು. ಒದ್ದೆ ಕೈ... ಬಳೆ ಬೇರೆ!

ಅಕ್ಕ.

"ನೀವು ಹೋಗ್ರೋ," ಅಂದರು. ದಾಂಡಿಗರು ತಲೆ ತಗ್ಗಿಸಿಕೊಂಡು ಹೋದರು.

"ನೀನು ಆ ಬಟನ್ ಮುಟ್ಟಿದ್ಯಾ?"

"ಯಾವ ಬಟನ್ ಅಕ್ಕ?"

ಅಕ್ಕ ನಾಲಿಗೆ ಕಚ್ಚಿಕೊಂಡರು.

ಆಗ ಹೊಳೆಯಿತು. ಟರ್ಬೋ! ಆ ಕಾಲದ ಕಂಪ್ಯೂಟರ್ ಪೆಟ್ಟಿಗೆಗಳ ಮುಂದೆ ವೇಗ ಏರಿಸಿ ಇಳಿಸುವ ಅಂಥದೊಂದು ಬಟನ್ ಇರುತ್ತಿತ್ತು. ಇದರಲ್ಲಿ ಅದನ್ನು ಒತ್ತಿದರೆ ಅರವತ್ತಾರು ಇದ್ದದ್ದು ಮೂವತ್ಮೂರಕ್ಕೆ ಇಳಿಯಬೇಕು. ಬಿಡಿಸಿದರೆ ಹಾವಿಗೆ ಹುಚ್ಚು.

"ಬಿಡಿಸಿದ್ದು ನೀವೇನಾ?"

"ಹೂಂ, ನಾನೇ! ರಿಪೇರಿಯವರು ಬಂದ ದಿನ ಮಾತ್ರ ಇವರು ಮನೇಲಿ ಕೂರ್ತಾರೆ. ಇಲ್ಲಾಂದ್ರೆ ಮುಖ ನೋಡೋಕೂ ಸಿಗಲ್ಲ. ನೀನೇನಾದ್ರೂ ಸರಿ ಮಾಡಿದ್ಯೋ... ಬೆರಳು ನಾನು ಮುರೀತೀನಿ!"

ಅವರ ಕಣ್ಣು ತುಂಬಿತ್ತು. ನನಗೆ ಪಾಪ ಅನ್ನಿಸಿತು. ಭಯವೂ ಆಯಿತು. ಆ ಕೈಯ ಹಿಡಿತ ಇಕ್ಕಳಕ್ಕಿಂತ ಜೋರಾಗಿತ್ತು.

ಸರಿ ಮಾಡಿದರೆ ಹೆಂಡತಿ. ಬಿಟ್ಟರೆ ಗಂಡ!

ನಾನಾಗಿಯೇ ಒಳಗೆ ಹೋದೆ. ಸ್ಕ್ರೂಡ್ರೈವರ್ ತೆಗೆದೆ. ಬಟನ್ ಹಿಂದೆ ಅದನ್ನು ಒತ್ತಿದ ಕಡೆಯೇ ನಿಲ್ಲಿಸುವ ಒಂದು ಪುಟ್ಟ ಕೊಕ್ಕೆ ಇತ್ತು. ಕಿತ್ತು ಜೇಬಿಗೆ ಹಾಕಿಕೊಂಡೆ. ಈಗ ಒತ್ತಿ ಹಿಡಿದರೆ ಮೂವತ್ಮೂರು, ಬೆರಳು ತೆಗೆದರೆ ಅರವತ್ತಾರು.

"ಬಾಸ್, ಎಂಟೇ ಎಂಬಿ ರ‍್ಯಾಮ್. ಈ ವಯಸ್ಸಿಗೆ ಒಂಟಿಯಾಗಿ ಎಳೆಯೋಕಾಗಲ್ಲ. ಅಕ್ಕ ಆಡೋಷ್ಟು ಹೊತ್ತೂ ಯಾರಾದ್ರೂ ಪಕ್ಕದಲ್ಲಿ ಕೂತು ಈ ಬಟನ್ ಒತ್ತಿ ಹಿಡೀಬೇಕು."

"ಹುಡುಗರಿಗೆ ಹೇಳ್ತೀನಿ."

"ಬೇಡ ಬಾಸ್. ಹೆಬ್ಬೆರಳು ಒಂಚೂರು ನಡುಗಿದ್ರೂ ಹಾವು ಸಾಯುತ್ತೆ. ನಡುಗದ ಕೈ ಇಲ್ಲಿ ಯಾರದಿದೆ?"

ಬಾಸ್ ದಾಂಡಿಗರನ್ನು ನೋಡಿದ. ತನ್ನ ಕೈ ನೋಡಿಕೊಂಡ. ಸ್ಟೂಲ್ ಎಳೆದು ಕೂತ.

"ಬಲಕ್ಕೆ! ಲೇ, ಬಲಕ್ಕೆ ತಿರುಗಿಸೇ!"

"ಗೊತ್ತು ಸುಮ್ನಿರ‍್ರೀ," ಅಂತ ಅಕ್ಕ ನಕ್ಕರು.

ಈಗ ದಿನಾ ಮಧ್ಯಾಹ್ನ ಈ ಕಡೆ ಯಾರ ಬೆರಳೂ ಮುರಿಯುವುದಿಲ್ಲ ಸಾರ್. ಮುರಿಯುವವನ ಕೈ ಖಾಲಿಯಿಲ್ಲ!