ನೀರು ಕಾಣದ ಇಸ್ಪೀಟು ಕಟ್ಟು

"ಮನೆಗೆ ಒಯ್ಯೋಕೆ ಮುಂಚೆ ಚೌಕದ ಬುಗ್ಗೆಯಲ್ಲಿ ಮುಳುಗಿಸ್ಬಿಡಿ. ಇಡೀ ಕಟ್ಟನ್ನ," ಎಂದಳು ರೋಸ್ವಿಟಾ ಮುದುಕಿ.

ಹಳೇ ಇಸ್ಪೀಟು ಕಟ್ಟುಗಳನ್ನು ಕೂಡಿಡುವ ಡೆಟ್ಲೆಫ್ ಹಲ್ಲು ಕಿರಿದ. "ಜಲವರ್ಣ ಅಮ್ಮಾವ್ರೇ ಇದು! ನೀರಿಗೆ ಹಾಕಿದ್ರೆ ಅಂಬಲಿ ಆಗುತ್ತೆ."

"ಆಗ್ಲಿ. ನಮ್ಮ ರಕ್ತದೋರ ಕೈಲಿ ಅದು ಬಣ್ಣ ಬಿಡಲ್ಲ. ಅದಕ್ಕೇ ನಿಮಗೆ ಪುಕ್ಕಟೆ ಕೊಡ್ತಿರೋದು."

ಆಲ್ಟೆನ್‌ಬುರ್ಗ್ ಊರಿನಲ್ಲಿ ಹೊಸ ಇಸ್ಪೀಟು ಕಟ್ಟಿಗೆ ಬುಗ್ಗೆಯ ನೀರು ಮುಟ್ಟಿಸುವುದು ಅದೃಷ್ಟಕ್ಕೆ. ಈ ಕಟ್ಟಿನ ಕತೆಯೇ ಬೇರೆ. ಮುದುಕಿಯ ಮುತ್ತಜ್ಜಿ ಇಸ್ಪೀಟು ಕಾರ್ಖಾನೆಯಲ್ಲಿ ಬಣ್ಣ ತುಂಬುತ್ತಿದ್ದವಳು. ಗಂಡ ಜೂಜಿನಲ್ಲಿ ಒಲೆಯ ಸೌದೆಯನ್ನೂ ಸೋತು ಬಂದ ಚಳಿಗಾಲ ಅವಳ ಕೂಸು ಸತ್ತಿತು. ಅವಳು ಅಳಲಿಲ್ಲ. ಆಟೀನುಗಳನ್ನು ತುಟಿ ಮಾಡಿ, ಕಳಾವರುಗಳನ್ನು ಟೋಪಿ ಮಾಡಿ, ಗಂಡನ ಜೊತೆ ಆಡಿದವರನ್ನೆಲ್ಲ ಈ ಕಟ್ಟಿನ ಎಲೆಗಳ ಮೇಲೆ ಚಿತ್ರಿಸಿದಳು. ಬಣ್ಣಕ್ಕೆ ಉಗುಳಿ ಶಾಪ ಹಾಕಿದಳು: ಮನೆಯವರಿಗಿಂತ ಎಲೆ ಹೆಚ್ಚೆನ್ನುವವನ ಮನೆ ಈ ಎಲೆಯೊಳಗೇ ಸೇರಲಿ. ಆಟೀನು ರಾಣಿಯ ಮುಖವೊಂದನ್ನು ಖಾಲಿ ಬಿಟ್ಟಳು.

"ಮುಳುಗಿಸ್ತೀನಿ ಬಿಡಿ," ಎಂದ ಡೆಟ್ಲೆಫ್. ಸುಳ್ಳ! ಬುಗ್ಗೆಯ ತುಂತುರು ತಾಗದಂತೆ ಕಟ್ಟನ್ನು ಕೋಟಿನೊಳಗೆ ಅವಚಿಕೊಂಡು ಮನೆ ಸೇರಿದ. ಹ್ಯಾಂಬುರ್ಗ್‌ನಿಂದ ಅವನನ್ನೇ ನಂಬಿ ಬಂದ ಹೆಂಡತಿ ವೀಬ್ಕೆಯನ್ನು ಇಷ್ಟು ಜೋಪಾನ ಮಾಡಿದ್ದನೇ? ಥೂ!

ಮನೆಯಲ್ಲಿ ಹುಳಿತ ಗೋಂದಿನ ವಾಸನೆ ಹಬ್ಬಿತು. ಕಟ್ಟನ್ನಿಟ್ಟು ಮುಚ್ಚಿದ ಪೆಟ್ಟಿಗೆಯೊಳಗೆ ಉಗುರು ಕೆರೆದ ಸದ್ದು.

"ಬಾಯೆಲ್ಲ ಕಾಗದ ಅಗಿದ ಹಾಗಿದೆ ಕಣೋ. ಕಿಟಕಿ ತೆಗಿ," ಎಂದಳು ವೀಬ್ಕೆ.

"ಬೇಡ. ಎಲೆಗೆ ತೇವ ಹಿಡಿಯುತ್ತೆ," ಎಂದ, ಭೂತಗನ್ನಡಿಯಿಂದ ತಲೆ ಎತ್ತದೆ.

ಮಂಜು ಕವಿದ ಒಂದು ಮಧ್ಯಾಹ್ನ ವೀಬ್ಕೆಗೆ ಮಾತೇ ಹೊರಡಲಿಲ್ಲ. ತುಟಿ ಬಿಳಿಚಿಕೊಂಡು ಕೆನ್ನೆಯೊಂದಿಗೆ ಒಂದಾಗುತ್ತಿತ್ತು. ಡೆಟ್ಲೆಫ್ ಪೆಟ್ಟಿಗೆ ತೆರೆದ. ಆಟೀನು ರಾಣಿಗೆ ಮುಖ ಬಂದಿತ್ತು. ವೀಬ್ಕೆಯ ಮುಖ. ಹುಬ್ಬಿನ ಮೇಲಿನ ಮಚ್ಚೆಯೂ ಅವಳದೇ.

ಮುದುಕಿಯ ಮನೆಗೆ ಓಡಿದ. ಅವಳು ಅವನ ಕೊರಳಪಟ್ಟಿ ಹಿಡಿದಳು.

"ನೆನೆಸಿಲ್ಲ ಅಲ್ವೇನೋ ಪಾಪಿ ಮುಂಡೇಮಗನೇ? ಈಗ್ಲಾದ್ರೂ ಹೋಗು. ಇಡೀ ಕಟ್ಟು ಒಟ್ಟಿಗೆ ಮುಳುಗಿಸು, ಅವಳು ವಾಪಸ್ ಬರ್ತಾಳೆ. ಒಂದೇ ಒಂದು ಎಲೆ ಉಳಿಸ್ಕೊಂಡ್ಯೋ, ಕರಗೋದು ಶಾಪ ಅಲ್ಲ, ಅವಳು!"

ಚೌಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಂಜಿನೊಳಗೆ ನೀರಿನ ಸದ್ದು. ಕಟ್ಟನ್ನು ಹೊರತೆಗೆದ. ಕಳಾವರ್ ರಾಜನ ಚಿನ್ನದ ಅಂಚು ಮಿನುಗಿತು. ಜಗತ್ತಿನಲ್ಲಿ ಇಂಥದ್ದು ಇನ್ನೊಂದಿಲ್ಲ. ಅವಳ ಮುಖ ಇರೋದು ಒಂದರಲ್ಲಿ ತಾನೇ? ಅದೊಂದನ್ನೇ ತೊಳೆದರೆ ಸಾಲದೇ? ಮುದುಕಿಗೇನು ಗೊತ್ತು!

ಉಳಿದದ್ದನ್ನು ಜೇಬಿಗಿಳಿಸಿದ. ರಾಣಿಯನ್ನು ಅದ್ದಿದ.

ಕೆಂಪು ಮೊದಲು ಹೋಯಿತು. ಆಮೇಲೆ ಮಚ್ಚೆ. ಆಮೇಲೆ ಕಣ್ಣು. ಆ ಕಣ್ಣು ಅವನನ್ನೇ ನೋಡುತ್ತಿತ್ತು. "ಡೆಟ್..." ನೀರೊಳಗಿಂದ ಅವಳ ದನಿ. ಅರ್ಧಕ್ಕೆ ನಿಂತಿತು. ಕೈಯಲ್ಲಿ ಬಿಳಿ ಕಾಗದ.

ಓಡಿದ. ಬಾಗಿಲು ತಳ್ಳಿದ. ಮಂಚದ ಮೇಲೆ ವೀಬ್ಕೆ ಎದ್ದು ಕೂತಿದ್ದಳು. ದಿಂಬು ತೊಪ್ಪೆಯಾಗಿತ್ತು. ಅವಳು ಅವನತ್ತ ತಿರುಗಿದಳು. ತಿರುಗಿಸಲು ಮುಖವೇ ಇರಲಿಲ್ಲ. ಹಣೆಯಿಂದ ಗಲ್ಲದವರೆಗೆ ಒದ್ದೆ ಬಿಳಿ. ಬೆರಳುಗಳು ತುಟಿ ಇದ್ದ ಜಾಗವನ್ನು ತಡಕುತ್ತಿದ್ದವು.

ಡೆಟ್ಲೆಫ್‌ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಎಲೆಗಳಿಗೆ ಒಂದು ಹನಿಯೂ ತಾಗಿರಲಿಲ್ಲ.