ಮುತ್ತಜ್ಜಿಯ ನಿಂತುಹೋದ ಪಿಂಚಣಿ

"ನಿಮ್ಮ ಮುತ್ತಜ್ಜಿ ಹೆಸರಲ್ಲಿ ವಿಧವಾ ಪಿಂಚಣಿ ಕಡತ ಇಲ್ಲ. ಮುಂದಿನವರು ಬನ್ನಿ."

"ಇಲ್ಲ ಅನ್ನೋಕೆ ಇಷ್ಟು ಹೊತ್ತು ಕಾಯಿಸಿದ್ರಾ? ನನ್ನ ಬಸ್ಸಲ್ಲಿ ಹೀಗೆ ಮಾಡಿದ್ರೆ ಜನ ನನ್ನನ್ನೇ ಕೆಳಗಿಳಿಸ್ತಾರೆ."

ಸೈನ್ಯದ ದಾಖಲೆ ಕೋಣೆಯ ಗುಮಾಸ್ತ ತಲೆ ಎತ್ತಿದ. ಎದುರಿಗೆ ಕಂಡಕ್ಟರ್ ಸಮವಸ್ತ್ರದ ಹುಡುಗಿ, ಮೂಗಿನ ತುದಿಯಲ್ಲೇ ಕೋಪ. ಅವಳೂ ನೋಡಿದಳು... ಈ ಸಿಡುಕನಿಗೆ ಇಷ್ಟು ಚೆಂದದ ಕಣ್ಣು ಯಾಕೆ? ಛೆ, ನನಗೇಕೆ ಆ ಉಸಾಬರಿ.

ಅವಳಿಗೆ ಬೇಕಿದ್ದುದು ಒಂದೇ ಉತ್ತರ. ಅಜ್ಜಿಯ ಅಪ್ಪ ಸೈನ್ಯಕ್ಕೆ ಹೋದವನು ಮರಳಲಿಲ್ಲ. ಅಜ್ಜಿಯ ಅಮ್ಮನಿಗೆ ಬರುತ್ತಿದ್ದ ಪಿಂಚಣಿ ಇದ್ದಕ್ಕಿದ್ದಂತೆ ನಿಂತಿತು. ಅವನು ಸತ್ತಿಲ್ಲ, ಓಡಿಹೋಗಿದ್ದಾನೆ, ಅದಕ್ಕೇ ನಿಲ್ಲಿಸಿದ್ದಾರೆ ಎಂದು ಬೀದಿಯೆಲ್ಲ ಆಡಿಕೊಂಡಿತು. ಅಂದಿನಿಂದ ಅಜ್ಜಿ 'ಓಡಿಹೋದವನ ಮಗಳು'. ಈಗ ಹಾಸಿಗೆ ಹಿಡಿದಿದ್ದ ಅಜ್ಜಿಗೆ ಕಣ್ಣು ಮುಚ್ಚುವ ಮೊದಲು ನಿಜ ತಿಳಿಯಬೇಕಿತ್ತು.

ಮರುವಾರ ಮತ್ತೆ ಬಂದಳು. ಅವನು ದನಿ ತಗ್ಗಿಸಿ ಕೇಳಿದ. "ನಿಮ್ಮ ಮುತ್ತಜ್ಜಿ... ಆಮೇಲೆ ಬೇರೆ ಮದುವೆ ಏನಾದ್ರೂ?"

ಅವಳ ಮೈಯೆಲ್ಲ ಉರಿದುಹೋಯಿತು. "ನಮ್ಮ ಮನೆ ಹೆಂಗಸರ ವಿಷಯಕ್ಕೆ ಬಂದ್ರೆ ಚೆನ್ನಾಗಿರಲ್ಲ."

"ಕೇಳೋದು ನನ್ನ ಕೆಲಸ."

"ಕೆದಕೋದು ನಿಮ್ಮ ಚಟ."

ನೇರವಾಗಿ ಮೇಲಧಿಕಾರಿಯ ಕೋಣೆಗೆ ನುಗ್ಗಿ ದೂರು ಕೊಟ್ಟಳು. ಅವನಿಗೆ ಬಿದ್ದ ಬೈಗುಳ ಹೊರಗೂ ಕೇಳಿಸಿತು. ಗೆದ್ದೆ ಎಂದುಕೊಂಡೇ ಮನೆಗೆ ಹೋದಳು, ಆದರೆ ಊಟ ಸೇರಲಿಲ್ಲ.

"ನಮ್ಮಮ್ಮ ಮರುಮದುವೆ ಆಗಿದ್ದು ಹೇಳಿದ್ಯಾ?" ಎಂದಳು ಅಜ್ಜಿ.

"ಇಲ್ಲಜ್ಜಿ. ಗಂಡ ಬದುಕಿದ್ದಾಗ್ಲೇ ಇನ್ನೊಬ್ಬನ್ನ ಕಟ್ಕೊಂಡ್ಲು ಅಂತ ಜನ ಅಂತಾರಲ್ಲ... ನಾಚಿಕೆ ಆಯ್ತು."

"ನನ್ನ ಸಾಕಿದ್ದು ಆ ಎರಡನೇ ಅಪ್ಪಾನೇ ಕಣೇ. ನಿನಗ್ಯಾವ ನಾಚಿಕೆ?"

ಬೆಳಿಗ್ಗೆ ಅವಳು ಅದೇ ಕಿಟಕಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. "ಮದುವೆ ಆಗಿದ್ರು. ಮುಚ್ಚಿಟ್ಟಿದ್ದು ನಾನು."

"ಎರಡನೇ ಗಂಡನ ಹೆಸರು ಹೇಳಿ," ಎಂದ, ಮುಖ ಗಂಟಿಕ್ಕಿಕೊಂಡೇ. ಮರುಮದುವೆಯಾದವರ ಕಡತವನ್ನು ಹೊಸ ಗಂಡನ ಹೆಸರಿನಡಿ ಸೇರಿಸಿಡುವುದು ಅಲ್ಲಿಯ ಪದ್ಧತಿ. ಏಣಿ ಹತ್ತಿದವನು ಮೈತುಂಬ ಧೂಳು ಮೆತ್ತಿಕೊಂಡು ಇಳಿದ.

"ಪಿಂಚಣಿ ನಿಲ್ಲಿಸಲು ಕಾರಣ, ವಿಧವೆಯ ಮರುಮದುವೆ. ಪತಿ..." ಅವನ ದನಿ ಮೆತ್ತಗಾಯಿತು. "ಕಾವಲು ಕರ್ತವ್ಯದಲ್ಲಿದ್ದಾಗ ಗುಂಡೇಟಿನಿಂದ ಮರಣ."

"ಓಡಿಹೋಗಿಲ್ವಾ?"

"ಓಡಿಹೋದವನ ಹೆಂಡತಿಗೆ ಪಿಂಚಣಿ ಶುರುವೇ ಆಗ್ತಿರ್ಲಿಲ್ಲ."

ಅವಳು ಅಲ್ಲೇ ಅತ್ತಳು. ಅವನು ಒರಟಾಗಿ ನೀರಿನ ಲೋಟ ಮುಂದೆ ತಳ್ಳಿದ.

ಸಂಜೆ ಮೊಹರು ಹಾಕಿದ ಪ್ರತಿ ಹಿಡಿದು ಅವನೇ ಮನೆಗೆ ಬಂದ. ಆ ಸಾಲು ಕೇಳಿದ ಅಜ್ಜಿ ಬೀದಿಯ ಕಡೆಯ ಕಿಟಕಿ ತೆಗೆಸಿದಳು.

"ಈಗ ಗಟ್ಟಿಯಾಗಿ ಓದಪ್ಪ. ಎಲ್ರಿಗೂ ಕೇಳ್ಲಿ."

ಅವನು ಓದಿದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ಕೇಳಿಸಿಕೊಂಡರು.

ಗೇಟಿನ ಬಳಿ ಅವಳು ತಡವರಿಸಿದಳು. "ದೂರು ವಾಪಸ್ ತಗೋತೀನಿ."

"ಬೇಡ. ವಿಚಾರಣೆಗಾದ್ರೂ ನೀವು ಬರ್ಬೇಕಲ್ಲ."

"ನನ್ನ ನೋಡೋಕೆ ಅಷ್ಟು ಆಸೆನಾ?"

"ಹೂಂ."

ಅವಳ ಕಣ್ಣು ತುಂಬಿ ಬಂತು. ಪ್ರೀತಿಯೇ ಅದು, ಇನ್ನು ಅಡಗಿಸಿ ಪ್ರಯೋಜನವಿರಲಿಲ್ಲ. "ನನಗೂ... ಆದ್ರೆ ನಾನು ತುಂಬಾ ಬೈತೀನಿ."

"ಜೊತೇಲಿದ್ದುಕೊಂಡು ಬೈಯಿ. ಸಾಕು."