ತಾನೇ ನಿದ್ದೆ ಹೋಗುವ ಪವರ್ ಬ್ಯಾಂಕ್

"ಡೂಪ್ಲಿಕೇಟ್ ಮಾಲು ಮಾರ್ತೀರಲ್ರಿ, ನಾಚಿಕೆ ಆಗಲ್ವಾ?"

ಅವನು ಆಡಿದ್ದರಲ್ಲಿ ನನಗೆ ನೆನಪಿರುವ ಮೊದಲ ಮಾತು ಇದು. ಹಿಂದಿನ ಸಂಜೆ ಗದ್ದಲದಲ್ಲಿ ನಾನು ಮಾರಿದ್ದ ಪವರ್ ಬ್ಯಾಂಕನ್ನು ಕೌಂಟರಿನ ಮೇಲೆ ಕುಕ್ಕಿ ನಿಂತಿದ್ದ. ಕೂಡ್ಲಿಗಿ ಬಸ್ ಸ್ಟ್ಯಾಂಡ್ ಎದುರು ಆರು ವರ್ಷದಿಂದ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ, ಇಂಥವರನ್ನು ದಿನಕ್ಕೆ ನಾಲ್ಕು ಜನ ನೋಡುತ್ತೇನೆ.

"ನನಗ ನಾಚಿಕಿ ಆಮ್ಯಾಲ ಕಲಸ್ರಿ. ನೀವು ಮದ್ಲು ಮುಖ ತೊಳಕೊಂಡು ಬರ್ರಿ" ಎಂದೆ.

ಅವನು ಗಾಬರಿಯಾಗಿ ಕೆನ್ನೆ ಸವರಿಕೊಂಡ. ಬಲಗಣ್ಣಿನ ಸುತ್ತ ಬಳೆ ಒತ್ತಿದ ಹಾಗೆ ದುಂಡಗೆ ಗುರುತು. ಕೌಂಟರಿನ ಕನ್ನಡಿ ತಿರುಗಿಸಿ ತೋರಿಸಿದೆ. ನೋಡಿಕೊಂಡವನೇ ನಕ್ಕುಬಿಟ್ಟ. ಜಗಳಕ್ಕೆ ಬಂದವನು ಅಷ್ಟು ಬೇಗ ನಗಬಾರದಿತ್ತು. ನನ್ನ ಕಥೆ ಅಲ್ಲಿಗೇ ಮುಗಿದಿತ್ತು ಅನ್ನಿ.

ಹೆಸರು ಸಿದ್ದಲಿಂಗ. ಹರಪನಹಳ್ಳಿ ಕಡೆಯವನು, ಇಲ್ಲಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾನೆ. ಕೊಟ್ಟೂರು ರಸ್ತೆಯ ಬಾಡಿಗೆ ಮನೆಯ ಮಾಳಿಗೆ ಮೇಲೆ, ಗುರುಗಳಿಂದ ಕೇಳಿ ತಂದ ಟೆಲಿಸ್ಕೋಪ್ ಇಟ್ಟುಕೊಂಡು ರಾತ್ರಿಯಿಡೀ ಒಂದೇ ಒಂದು ನಕ್ಷತ್ರದ ಬೆಳಕು ಏರಿಳಿಯುವುದನ್ನು ಅಳೆಯುತ್ತಾನೆ. ಕಣ್ಣಿನ ಸುತ್ತ ಇದ್ದದ್ದು ಅದಕ್ಕೆ ಕಣ್ಣೊತ್ತಿ ನೋಡಿದ ಗುರುತು. ಸಂಕ್ರಾಂತಿ ಹತ್ತಿರದ ಚಳಿ. ಇಬ್ಬನಿ ಕೂತು ಗಾಜು ಮಂಜಾಗುತ್ತದೆ. ಅದಕ್ಕೇ ಗಾಜಿನ ಸುತ್ತ ಕರೆಂಟಿನಿಂದ ಬಿಸಿಯಾಗುವ ಪಟ್ಟಿ ಕಟ್ಟಿ, ಪವರ್ ಬ್ಯಾಂಕಿಗೆ ಜೋಡಿಸುತ್ತಾನೆ.

"ಪಟ್ಟೀನ ಜೋರಾಗಿ ಇಟ್ರೆ ನಕ್ಷತ್ರ ನಡುಗಿದಂಗೆ ಕಾಣ್ತತಿ, ಚಾರ್ಜೂ ಬೇಗ ಖಾಲಿ. ಸಣ್ಣಗೆ ಇಟ್ರೆ ಅರ್ಧ ನಿಮಿಷಕ್ಕೆ ನಿಮ್ಮ ಪವರ್ ಬ್ಯಾಂಕ್ ತಾನೇ ಆಫ್ ಆಗ್ತತಿ. ಬಟನ್ ಒತ್ತಿದ್ರೆ ಮತ್ತೆ ಅರ್ಧ ನಿಮಿಷ. ಇದು ಮೋಸ ಅಲ್ವೇನ್ರಿ?"

ಮೋಸ ಅಲ್ಲ. ಕರೆಂಟು ತೀರಾ ಕಡಿಮೆ ಎಳೆದರೆ, ಯಾರೂ ಇಲ್ಲ ಅಂದುಕೊಂಡು ಪವರ್ ಬ್ಯಾಂಕ್ ನಿದ್ದೆ ಹೋಗುತ್ತದೆ. ಅದರ ಗುಣವೇ ಹಾಗೆ. ಪಕ್ಕದ ಇನ್ನೊಂದು ತೂತಿಗೆ ಸಣ್ಣ ಯುಎಸ್‌ಬಿ ದೀಪ ಸಿಕ್ಕಿಸಿದರೆ ರಾತ್ರಿಯಿಡೀ ಎಚ್ಚರ ಇರುತ್ತದೆ. ಅಂಥ ದೀಪಗಳು ನನ್ನ ಮೊಣಕೈ ಹತ್ತಿರದ ಡಬ್ಬಿಯಲ್ಲೇ ಇದ್ದವು.

ಹೇಳಬೇಕಿತ್ತು. ಹೇಳಲಿಲ್ಲ.

"ಬ್ಯಾರೆ ಕೊಡ್ತೀನಿ ತಗೋರಿ. ನಾಳಿಗೆ ಬಂದು ಹೆಂಗಾತು ಹೇಳ್ರಿ" ಎಂದೆ.

ಅವನು ಮರುದಿನ ಬಂದ. ಅದರ ಮರುದಿನವೂ ಬಂದ. ನಾನು ದಿನಕ್ಕೊಂದು ಬಣ್ಣದ ಪವರ್ ಬ್ಯಾಂಕ್ ಕೊಟ್ಟು ಕಳಿಸಿದೆ, ಎಲ್ಲವೂ ನಿದ್ದೆ ಹೋಗುವಂಥವೇ. ರಿಪೇರಿ ಮಾಡುವಾಗ ನಾನು ನೋಡುವ ಮೈಕ್ರೋಸ್ಕೋಪಿಗೆ ಒಂದು ದಿನ ಬಗ್ಗಿ ಕಣ್ಣಿಟ್ಟ. ಅವನ ಕೂದಲು ನನ್ನ ಕೆನ್ನೆಗೆ ತಾಗಿತು. ಅವನು ಸರಿಯಲಿಲ್ಲ, ನಾನೂ ಸರಿಯಲಿಲ್ಲ.

"ಇಬ್ರದೂ ಒಂದೇ ಕಸುಬು ನೋಡ್ರಿ ಉಚ್ಚಂಗೆಮ್ಮ. ಬಗ್ಗಿ ಬಗ್ಗಿ ನೋಡೋದು" ಎಂದ ಮೆಲ್ಲಗೆ.

ನಮ್ಮಜ್ಜಿಯ ಹೆಸರು ಇಟ್ಟಿದ್ದಕ್ಕೆ ಚಿಕ್ಕಂದಿನಿಂದ ಅಪ್ಪನ ಮೇಲೆ ಸಿಟ್ಟಿತ್ತು. ಆ ಹೊತ್ತು ಅದು ಹೋಯಿತು.

ಪಕ್ಕದ ಚಹಾದಂಗಡಿಯ ಕೆಂಚಕ್ಕ ಕೇಳಿಯೇಬಿಟ್ಟಳು. "ಆ ಮಾಸ್ತರಂದು ಪವರ್ ಬ್ಯಾಂಕ್ ಕೆಟ್ಟೈತೋ, ನಿನ್ನ ತಲಿ ಕೆಟ್ಟೈತೋ?"

"ಚಾ ಕೊಡು, ಸುಮ್ನಿರು" ಎಂದೆ.

ಐದನೇ ದಿನ ಶನಿವಾರ. ಅವನು ಬೈಯಲಿಲ್ಲ, ನಗಲೂ ಇಲ್ಲ. ಸ್ಟೂಲಿನ ಮೇಲೆ ಕುಸಿದು ಕೂತ. ಬಲಗೈ ಹೆಬ್ಬೆರಳಿನಲ್ಲಿ ನೀರು ತುಂಬಿದ ಬೊಬ್ಬೆ. ಅರ್ಧ ನಿಮಿಷಕ್ಕೊಮ್ಮೆ ಆ ಬಟನ್ ಒತ್ತುತ್ತಾ ರಾತ್ರಿಗಳನ್ನು ಕಳೆದಿದ್ದಾನೆ. ಜೊಂಪು ಹತ್ತಿದಾಗೆಲ್ಲ ಗಾಜು ಮಂಜಾಗಿ ಅಳತೆ ಕೆಟ್ಟಿದೆ.

"ನಾಳೆ ಟೆಲಿಸ್ಕೋಪ್ ವಾಪಸ್ ಕೊಡಬೇಕು. ಲಡಾಖದಾಗೆ ನಕ್ಷತ್ರ ನೋಡೋ ಕೆಲಸ, ಮೂರು ವರ್ಷದ್ದು. ಆಯ್ಕೆ ಎಲ್ಲಾ ಆಗೈತಿ, ಒಂದು ರಾತ್ರಿ ಪೂರ್ತಿ ಅಳತಿ ಕಳಿಸಬೇಕು ಅಷ್ಟೆ. ಎಂಟು ವರ್ಷದಿಂದ ಅರ್ಜಿ ಹಾಕ್ತಿದೀನಿ. ಈ ವರ್ಷ ತಪ್ಪಿದ್ರೆ ವಯಸ್ಸು ಮುಗೀತತಿ."

"ಇವತ್ತೂ ಆಗ್ಲಿಲ್ಲಂದ್ರ?"

"ಆಗ್ಲಿಲ್ಲಂದ್ರೆ ಕೂಡ್ಲಿಗೀಲೇ ಇರ್ತೀನಿ. ಇನ್ನೆಲ್ಲಿ ಹೋಗ್ಲಿ?"

ಡಬ್ಬಿ ನನ್ನ ಕೈಗೆ ಎಟಕುವಷ್ಟೇ ದೂರದಲ್ಲಿತ್ತು. ನಾನು ಸುಮ್ಮನಿದ್ದರೆ ಅವನು ಇಲ್ಲೇ ಇರುತ್ತಾನೆ. ಬಾಯಿ ಬಿಟ್ಟರೆ ಮೂರು ವರ್ಷ ಹೋಗುತ್ತಾನೆ, ನನ್ನ ಮುಖಕ್ಕೆ ಉಗಿದು ಹೋಗುತ್ತಾನೆ. ಇನ್ನೊಂದು ಪವರ್ ಬ್ಯಾಂಕ್ ತೆಗೆದು ಕೊಟ್ಟೆ. ಅವನು ಥ್ಯಾಂಕ್ಸ್ ಹೇಳಿ ಎದ್ದುಹೋದ.

ಆ ಥ್ಯಾಂಕ್ಸ್ ನನ್ನನ್ನು ಕೊಂದಿತು. ಮನೆಗೆ ಹೋಗಿ ತಟ್ಟೆಗೆ ರೊಟ್ಟಿ ಹಾಕಿಕೊಂಡು ಕೂತೆ. ಇಲ್ಲೇ ಉಳಿಯುತ್ತಾನೆ, ದಿನಾ ಕಾಣುತ್ತಾನೆ ಎಂದು ನೂರು ಸಲ ಹೇಳಿಕೊಂಡೆ. ಆದರೆ ಕಣ್ಣ ಮುಂದೆ ಬಂದಿದ್ದು ಆ ಬೊಬ್ಬೆ. ಎಂಟೂವರೆಗೆ ತಟ್ಟೆ ಬಿಟ್ಟು ಎದ್ದೆ. ಅಂಗಡಿ ತೆಗೆದು ದೀಪ ತಗೊಂಡು, ಬೆಳಕು ಹೊರಗೆ ಬರದ ಹಾಗೆ ಕಪ್ಪು ಟೇಪು ಸುತ್ತಿ, ಸ್ಕೂಟಿ ಹತ್ತಿದೆ.

ಮಾಳಿಗೆ ಮೇಲೆ ಅವನು ಕಂಬಳಿ ಹೊದ್ದು ಬಟನ್ ಒತ್ತುತ್ತಾ ಕೂತಿದ್ದ. ನನ್ನನ್ನು ಕಂಡು ಮುಖ ಅರಳಿತು. ಅದನ್ನು ನೋಡಲಾಗದೆ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಯಾವ್ದೂ ಕೆಟ್ಟಿಲ್ರಿ. ಇದೊಂದು ದೀಪ ಸಿಗಿಸಿದ್ರ ಮುಗೀತು. ಮದ್ಲನೇ ದಿನಾನೇ ನನಗ ಗೊತ್ತಿತ್ತು."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ನೀವು ಮತ್ತ ಅಂಗಡಿಗೆ ಬರ್ತಿದ್ದಿಲ್ಲ. ನನಗ ನಿಮ್ಮನ್ನ ನೋಡಬೇಕಿತ್ತು. ದಿನಾ ನೋಡಬೇಕಿತ್ತು. ಅಷ್ಟು ಇಷ್ಟ ಆಗಿದ್ರಿ ನೀವು."

ಅವನು ಎದ್ದು ನಿಂತ. ಕಂಬಳಿ ಜಾರಿ ಬಿತ್ತು.

"ನನ್ನ ನಾಕು ರಾತ್ರಿ ತಿಂದ್ಯಲ್ಲ!"

"ಹೌದು, ತಿಂದೆ. ಬೈರಿ, ಹೊಡೀರಿ, ಏನಾರ ಮಾಡ್ರಿ. ಆದ್ರ ಬೆಳಗಾದ ಮ್ಯಾಲ. ಈಗ ಸರೀರಿ, ಇಬ್ಬನಿ ಕೂಡಾಕ ಹತ್ತೈತಿ."

ಕತ್ತಲಲ್ಲಿ ದೀಪ ಸಿಕ್ಕಿಸುವಾಗ ಪಿನ್ನು ಎರಡು ಸಲ ತಪ್ಪಿತು. ಮೂರನೇ ಸಲ ಕೂತಿತು. ಅರ್ಧ ನಿಮಿಷ ಕಾದೆವು. ಒಂದು ನಿಮಿಷವಾಯಿತು, ಐದು ನಿಮಿಷವಾಯಿತು. ಪವರ್ ಬ್ಯಾಂಕ್ ಆರಲಿಲ್ಲ. ಅವನು ಬೆರಳಿನಿಂದ ಪಟ್ಟಿ ಮುಟ್ಟಿ ನೋಡಿದ, ಬೆಚ್ಚಗಿತ್ತು. ಟೆಲಿಸ್ಕೋಪಿಗೆ ಜೋಡಿಸಿದ್ದ ಲ್ಯಾಪ್‌ಟಾಪ್ ಮುಂದೆ ಕೂತ.

ನಾನು ಹೋಗಬಹುದಿತ್ತು. ಹೋಗಲಿಲ್ಲ. ಚಾರ್ಜ್ ತೀರಿದರೆ ಬದಲಿಸಲೆಂದು ಇನ್ನೊಂದು ಪವರ್ ಬ್ಯಾಂಕ್ ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತೆ. ಅಳತೆಯ ಚುಕ್ಕೆಗಳು ಪರದೆ ಮೇಲೆ ಒಂದೊಂದಾಗಿ ಬೀಳುತ್ತಿದ್ದವು. ಒಂದೂ ತಪ್ಪಲಿಲ್ಲ. ಪ್ರತಿ ಚುಕ್ಕೆಗೂ ಅವನು ನನ್ನಿಂದ ಇಷ್ಟಿಷ್ಟೇ ದೂರ ಹೋಗುತ್ತಿದ್ದ, ನಾನೇ ಕಳಿಸುತ್ತಿದ್ದೆ. ಒಂದು ಹೊತ್ತಿನಲ್ಲಿ ಅವನು ತಿರುಗಿ ನೋಡದೆಯೇ ಕಂಬಳಿಯನ್ನು ನನ್ನ ಕಡೆ ಎಸೆದ. ಅದರೊಳಗೆ ಮುಖ ಮುಚ್ಚಿಕೊಂಡು ಅತ್ತೆ.

ಮೂಡಲು ಕೆಂಪಾಗುವ ಹೊತ್ತಿಗೆ ಚುಕ್ಕೆಗಳೆಲ್ಲ ಸೇರಿ ರಾತ್ರಿಯ ಗೆರೆ ಪೂರ್ತಿಯಾಗಿತ್ತು. ಅವನ ಬೆರಳು ಕೀ ಮೇಲೆ ನಿಂತಿತು.

"ಕಳಿಸ್ಲಾ?"

"ಕಳಸ್ರಿ."

ಕಳಿಸಿದ. ಆಮೇಲೆ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತ. ಬೆಳಕಿನಲ್ಲಿ ಅವನ ಕಣ್ಣೂ ಒದ್ದೆಯಾಗಿದ್ದು ಕಂಡಿತು.

"ಸಿಟ್ಟು ಹೋಗಿಲ್ಲ ನನಗೆ."

"ಗೊತ್ತೈತಿ."

"ನಿನ್ನೆ ರಾತ್ರಿ ನೀನು ಬರದಿದ್ರೆ ನಾನು ಇಲ್ಲೇ ಇರ್ತಿದ್ದೆ. ಅದು ಗೊತ್ತಿತ್ತಾ?"

"ಅದೂ ಗೊತ್ತಿತ್ತು."

ಅವನು ಇನ್ನಷ್ಟು ಹತ್ತಿರ ಸರಿದ. ಇಬ್ಬನಿಯಿಂದ ಒದ್ದೆಯಾಗಿ ಹಣೆಗೆ ಅಂಟಿದ್ದ ನನ್ನ ಕೂದಲನ್ನು ಆ ಬೊಬ್ಬೆ ಬೆರಳಿನಿಂದಲೇ ಸರಿಸಿದ.

"ಒಂದನೇ ತಾರೀಕು ಹೊರಡಬೇಕು. ಇನ್ನು ಇಪ್ಪತ್ತೊಂದು ದಿನ ಐತಿ" ಎಂದ. "ಅಂಗಡಿ ಎಷ್ಟಕ್ಕೆ ತೆಗಿತೀಯ?"

"ಒಂಬತ್ತಕ್ಕ."

"ಏಳಕ್ಕೆ ತೆಗಿ."